ನಮ್ಮವರ ಮೇಲೆ ಎತ್ತಿದ ಬಾವುಟ

ಬಡಿಸುವವನು ನಮ್ಮವನಾದರೆ ಯಾವ ಪಂಕ್ತಿಯಲ್ಲಿ ಕುಳಿತರೇನು ಎಂದು ಗಾದೆ ಕಟ್ಟಿದ ಪುಣ್ಯಾತ್ಮ ನಮ್ಮ ಮನೆತನದ ಮದುವೆಗೆ ಎಂದೂ ಬಂದವನಲ್ಲ. ಬಂದಿದ್ದರೆ ಬರಿದಾದ ಎಲೆಯ ಮುಂದೆ ಕುಳಿತು ತನ್ನ ಗಾದೆಯನ್ನು ತಾನೇ ಹಿಂದಕ್ಕೆ ಪಡೆಯುತ್ತಿದ್ದ. ನಮ್ಮಲ್ಲಿ ಜಿಲೇಬಿಯ ಬುಟ್ಟಿ ಕೈಗೆ ಬಂದವನು ಮೊದಲು ನೋಡುವುದು ತನ್ನ ಹೆಂಡತಿ ಮಕ್ಕಳು, ಅಕ್ಕತಂಗಿಯರು ಎಲ್ಲಿ ಕುಳಿತಿದ್ದಾರೆಂದು. ಪ್ರೀತಿಯಿಂದಲ್ಲ, ಅಲ್ಲಿಗೆ ಬಂದಾಗ ಹೆಜ್ಜೆ ಜೋರು ಮಾಡಲು. ಪರರಿಗೆ ಬೇಡವೆಂದರೂ ಇನ್ನೊಂದು, ಬೇಡವೇ ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಿ ಮತ್ತೊಂದು. ನಮ್ಮವರಿಗೆ ಮಾತ್ರ ಒಂದೇ ಒಂದು, ಅದೂ ಬುಟ್ಟಿಯ ತಳದ ಮುರುಕು. ನಾನು ಮೊದಲ ಸಲ ಬುಟ್ಟಿ ಹಿಡಿದಾಗ ಅವ್ವ ಕಿವಿಯಲ್ಲಿ ಹೇಳಿದ್ದು ಇಷ್ಟೇ: "ನಮ್ಮವ್ರಿಗೆ ಕಡೀಕ ಹಾಕೋ ತಮ್ಮಾ. ಮಂದಿ ನೋಡ್ತಿರ್ತಾರ." ಆ ಪಂಕ್ತಿಯಲ್ಲಿ ನನ್ನ ತಂಗಿ ಅಶ್ವಿನಿ ಕುಳಿತಿದ್ದಳು. ಸಣ್ಣವಳು, ಎಲೆಯನ್ನು ಬಿಟ್ಟು ನನ್ನ ಕೈಯನ್ನೇ ನೋಡುತ್ತಿದ್ದಳು. ನಾನು ದಾಟಿ ಹೋದೆ. ಮಂದಿ ನೋಡಿದರು, ಮೆಚ್ಚಿದರು. ಮೆಚ್ಚುವ ಮಂದಿಯ ಬಾಯಲ್ಲಿ ಜಿಲೇಬಿ ಇತ್ತು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಇಷ್ಟು ಸಣ್ಣ ಸಂಗತಿಯನ್ನು ಇಷ್ಟು ಉದ್ದಕ್ಕೆ ಎಳೆಯುತ್ತಿರುವುದು ನನ್ನ ಸಿಟ್ಟಿಗೆ ಎಲ್ಲಾದರೂ ಒಂದು ಬೇರು ಸಿಕ್ಕೀತೇ ಎಂದು. ಸಿಟ್ಟು ಬಂದಿರುವುದು ಫುಟ್‌ಬಾಲಿನ ವಿಷಯಕ್ಕೆ. ಖಾನಾಪುರದಲ್ಲಿ ಏಳನೇ ಇಯತ್ತೆಗೆ ಸಾಲಿ ಬಿಟ್ಟು ಬೆಳಗಾವಿಯ ಫೌಂಡ್ರಿ ಸೇರಿದವನು ನಾನು; ಅನಗೋಳದಲ್ಲಿ ಬಾಡಿಗೆ ಮನೆ, ವಾರವೆಲ್ಲ ಮರಳಿನ ಅಚ್ಚು, ರವಿವಾರ ಮಾತ್ರ ಮೈದಾನ. ಆಡುವಷ್ಟು ಕಾಲಿನ ಚಳಕವಿರಲಿಲ್ಲ, ಸುಮ್ಮನೆ ನೋಡುವಷ್ಟು ತಾಳ್ಮೆಯೂ ಇರಲಿಲ್ಲ. ಎರಡೂ ಇಲ್ಲದವನಿಗೆ ದೇವರು ಇಟ್ಟಿರುವ ಕೆಲಸವೆಂದರೆ ಲೈನ್ಸ್‌ಮನ್ ಆಗುವುದು. ಮೈದಾನದ ಬದಿಯ ಸುಣ್ಣದ ಗೆರೆಯ ಗುಂಟ ಬಾವುಟ ಹಿಡಿದು ಓಡಬೇಕು. ಮುಂದಕ್ಕೆ ಚೆಂಡು ಒದೆಯುವ ಕ್ಷಣಕ್ಕೆ, ಅದನ್ನು ಪಡೆಯಬೇಕಾದವರು ಎದುರು ತಂಡದ ಕೊನೆಯ ಕಾವಲಿನವರನ್ನು ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಬಾವುಟ ಎತ್ತಬೇಕು. ಅದೇ ಆಫ್‌ಸೈಡ್. ಗೋಲು ಬಿದ್ದರೂ ಬಿದ್ದಂತಲ್ಲ.

ಬೆಳಗಾವಿಯಲ್ಲಿ ಬಾವುಟ ಎತ್ತುವುದು ಹುಡುಗಾಟವಲ್ಲ ಎಂಬುದನ್ನು ಓದುಗರಿಗೆ ಬೇರೆ ಹೇಳಬೇಕಿಲ್ಲ. ಅಂಗಡಿಯವನು ಕೊಟ್ಟ ಜೋಡಿಯಲ್ಲಿ ಒಂದು ಹಳದಿ-ಕೆಂಪು ಚೌಕದ್ದು, ಇನ್ನೊಂದು ಕೇಸರಿ. ಎರಡು ಗೆರೆಗಳಿಗೆ ಒಂದೊಂದು ಹಂಚಿದ್ದರಿಂದ ಊರು ತಣ್ಣಗೆ ಉಳಿಯಿತು. ನಾನಂತೂ ಅರ್ಧ ಆಟದಲ್ಲಿ ಇದನ್ನು, ಇನ್ನರ್ಧದಲ್ಲಿ ಅದನ್ನು ಹಿಡಿದು ಓಡುತ್ತಿದ್ದೆ. ಪಕ್ಷಪಾತಿ ಎನ್ನಿಸಿಕೊಳ್ಳುವ ಭಯ ನನಗೆ ಎಷ್ಟಿತ್ತೆಂದರೆ, ಆಟ ಮುಗಿದ ಮೇಲೆ ಎರಡೂ ತಂಡದವರ ಚಹಾವನ್ನು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ಮನೆಗೆ ಹೋಗುತ್ತಿದ್ದೆ.

ಇಂಥ ಊರಿನಲ್ಲಿ ಒಂದು ಕ್ಲಬ್ಬು ಎದ್ದು ನಿಂತಿತು. ನಾನು ನೋಡನೋಡುತ್ತಲೇ ಎದ್ದದ್ದು. ಶುರುವಿಗೆ ಅದು ಸಂಜೆ ಪಾಳಿ ಇಲ್ಲದ ಕಾರ್ಮಿಕರು, ಬಟ್ಟೆ ಅಂಗಡಿಯ ಹುಡುಗರು ಕೂಡಿ ಆಡುವ ತಂಡ. ಗೋಲಿನ ಬಲೆ ಹರಿದರೆ ಮೀನಿನ ಮಾರ್ಕೆಟ್ಟಿನಿಂದ ಹಳೆಯ ಬಲೆ ತಂದು ಹೊಲಿಯುತ್ತಿದ್ದರು. ಆಮೇಲೆ ದುಡ್ಡಿದ್ದ ಧಣಿಯೊಬ್ಬರು ಬಂದರು, ಸೆಕ್ರೆಟರಿ ಬಂದರು, ಸಂಬಳದ ಆಟಗಾರರು ಬಂದರು, ಕಂಬದ ಮೇಲೆ ದೀಪಗಳು ಬಂದವು. ರಾಜ್ಯದ ಲೀಗು ಗೆದ್ದಾಗ ಕುಂದಾ ಮಿಠಾಯಿಯ ಅಂಗಡಿಗಳು ಡಬ್ಬಿಗೆ ಕ್ಲಬ್ಬಿನ ನೀಲಿ ಬಣ್ಣದ ಪಟ್ಟಿ ಅಂಟಿಸಿದವು. ಆಟೋಗಳ ಬೆನ್ನಿಗೆ ಗೋಲ್‌ಕೀಪರನ ಚಿತ್ರ ಬಂತು. ಕನ್ನಡದಲ್ಲಿ ಬೈಯುವವರೂ ಮರಾಠಿಯಲ್ಲಿ ಬೈಯುವವರೂ ಒಂದೇ ಕಟ್ಟೆಯ ಮೇಲೆ ಕುಳಿತು ಒಬ್ಬನೇ ರೆಫರಿಯನ್ನು ಬೈಯತೊಡಗಿದರು. ಇಂಥ ಐಕ್ಯವನ್ನು ಯಾವ ಪುಢಾರಿಯೂ ಸಾಧಿಸಿರಲಿಲ್ಲ. ಕೊನೆಗೆ ಹೆಂಗಸರ ತಂಡವನ್ನೂ ಕಟ್ಟುತ್ತೇವೆಂದು ಕ್ಲಬ್ಬಿನವರು ಸಾರಿದರು. ಆಯ್ಕೆಯ ಆಟಕ್ಕೆ ಖಾನಾಪುರದಿಂದ ಬೆಳಗಿನ ರೈಲಿಗೆ ಬಂದವರಲ್ಲಿ ಅಶ್ವಿನಿಯೂ ಇದ್ದಳು.

ಅಶ್ವಿನಿ ಈಗ ಖಾನಾಪುರದಲ್ಲಿ ತಾಲೂಕು ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಕೂಡುತ್ತಾಳೆ, ಬಂದವರ ಅರ್ಜಿಗಳನ್ನು ಕನ್ನಡಕ್ಕೂ ಮರಾಠಿಗೂ ತಿರುಗಿಸಿ ಟೈಪು ಮಾಡುತ್ತಾಳೆ. ಆದರೆ ಅವಳು ನಿಜವಾಗಿ ಇರುವುದು ಚೆಂಡಿನ ಹಿಂದೆ. ಸಾಲಿಯ ಕೆಂಪು ಮಣ್ಣಿನ ಬಯಲಿನಲ್ಲಿ ಗಂಡುಹುಡುಗರ ಜೊತೆ ಬರಿಗಾಲಲ್ಲಿ ಆಡಿ ಬೆಳೆದವಳು. ಅವಳಿಗೆ ಆ ಕ್ಲಬ್ಬು ಬೇಕಾಗಿತ್ತು. ಅವಳ ವಯಸ್ಸಿಗೆ ಮತ್ತೆ ಮತ್ತೆ ಬಾಗಿಲು ತೆರೆಯುವುದಿಲ್ಲ.

ಆ ದಿನ ಲೈನಿಗೆ ನಿಲ್ಲಬೇಕಾದವರೊಬ್ಬರು ಬರಲಿಲ್ಲ. ಸೆಕ್ರೆಟರಿ ಸಾಹೇಬರು ನನ್ನನ್ನು ಕರೆದು, "ಭರಮಾ, ನಿನ್ನ ತಂಗಿ ಆಡಾತಾಳಂತಲ, ನಡೀತೈತೇನು?" ಎಂದು ಕೇಳಿದರು. ಆಗ ನಾನು ಹೇಳಬೇಕಾಗಿದ್ದ ಮಾತು ಒಂದೇ: ನಡೆಯುವುದಿಲ್ಲ. ನಾನು ಹೇಳಿದ್ದು, ಕಟ್ಟೆಯ ಮೇಲಿನವರಿಗೂ ಕೇಳುವ ಹಾಗೆ: "ಮೈದಾನದಾಗ ನನಗ ತಂಗಿ-ಗಿಂಗಿ ಯಾರೂ ಇಲ್ರಿ ಸಾಹೇಬ್ರ." ನಾಲ್ಕು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯೇ ನನ್ನನ್ನು ಕೆಡಿಸಿತು.

ಆಟ ಶುರುವಾಗಿ ಸ್ವಲ್ಪ ಹೊತ್ತಾಗಿತ್ತು. ನನ್ನ ಬೆನ್ನ ಹಿಂದಿನಿಂದ ಒಬ್ಬ ಒದರಿದ: "ಲೈನಿಗೆ ನಿಂತಾಂವ ಆಕಿ ಅಣ್ಣ ಅದಾನಲೇ! ಇವತ್ತ ಆಕಿಗೆ ಆಫ್‌ಸೈಡ್ ಅನ್ನೂದs ಇಲ್ಲ ನೋಡು." ಎಲ್ಲರೂ ನಕ್ಕರು. ಅದೇ ಹೊತ್ತಿಗೆ ನಡು ಮೈದಾನದಿಂದ ಚೆಂಡು ಬಂತು. ಅಶ್ವಿನಿ ಕೊನೆಯ ಕಾವಲಿನ ಹುಡುಗಿಯನ್ನು ದಾಟಿರಲಿಲ್ಲ, ಒಂದು ಹೆಜ್ಜೆ ಹಿಂದೆಯೇ ಇದ್ದಳು. ನಾನು ಸರಿಯಾಗಿ ಗೆರೆಯ ಮೇಲಿದ್ದೆ, ಬಿಸಿಲು ಬೆನ್ನಿಗಿತ್ತು, ಅಡ್ಡ ಯಾರೂ ಇರಲಿಲ್ಲ. ಅವಳು ಓಡಿದ ಓಟ, ಒದ್ದ ಒದೆ, ಬಲೆ ಅದುರಿದ್ದು ಎಲ್ಲವನ್ನೂ ನೋಡಿದೆ. ಕಣ್ಣು ತನ್ನ ಕೆಲಸ ಮಾಡಿತು. ಕೈ ಮಾತ್ರ ಬೆನ್ನ ಹಿಂದಿನವನ ಮಾತು ಕೇಳಿ ಮೇಲೆದ್ದಿತು.

"ವ್ಹಾ ಭರಮಾ! ಖರೇ ಮನಷ್ಯಾ!" ಎಂದ ಅದೇ ದನಿ.

ಅಶ್ವಿನಿಯ ಹೆಸರು ಯಾದಿಯಲ್ಲಿ ಬರಲಿಲ್ಲ. ನನ್ನ ಹೆಸರು ಊರೆಲ್ಲ ಬಂತು. ಫೌಂಡ್ರಿಯಲ್ಲಿ ಫೋರ್ಮನ್ನರು ಬೆನ್ನು ಚಪ್ಪರಿಸಿದರು. ಅನಗೋಳದ ಓಣಿಯಲ್ಲಿ ಗಂಡ ಹೆಂಡಿರ ಜಗಳಕ್ಕೂ ನನ್ನನ್ನು ಪಂಚನೆಂದು ಕರೆದರು. ಇನ್ನು ಆ ಹೆಂಗಸರ ತಂಡ ನೋಡಿ: ಗೋವಾದವರು, ಮಣಿಪುರದವರು, ಕೇರಳದವರು. ಚಹಾದಂಗಡಿಯಲ್ಲಿ ದಿನಾ ಗದ್ದಲ. ಊರಿನ ಹೆಸರು ಅಂಗಿಯ ಮೇಲೆ ಬರೆದುಕೊಂಡರೆ ಊರಿನ ತಂಡವಾಯಿತೇ, ನಮ್ಮ ತಾಲೂಕಿನ ಹೆಣ್ಣುಮಕ್ಕಳಿಗೆ ಕಾಲಿಲ್ಲವೇ, ಇಷ್ಟು ವರ್ಷ ಅವರಿಗೆ ಒಂದು ಬಯಲನ್ನಾದರೂ ಬಿಟ್ಟುಕೊಟ್ಟವರು ಯಾರಿದ್ದಾರೆ? ಎಲ್ಲಕ್ಕಿಂತ ದೊಡ್ಡ ದನಿ ನನ್ನದೇ. ಆ ಸಿಟ್ಟು ಸುಳ್ಳಲ್ಲ, ಈಗಲೂ ಇದೆ. ಆದರೆ ದೊಡ್ಡ ಸಿಟ್ಟಿಗೆ ಒಂದು ಅನುಕೂಲವಿದೆ: ಅದರ ನೆರಳಿನಲ್ಲಿ ನಮ್ಮ ತಪ್ಪು ಹಾಯಾಗಿ ಮಲಗಬಹುದು. ತಾಲೂಕಿನ ಒಂದು ಕಾಲನ್ನು ಹೊರಗಿಟ್ಟ ಕೈ ನನ್ನದೆಂದು ಗೊತ್ತಿದ್ದೂ ಮೇಜು ಗುದ್ದುತ್ತಿದ್ದೆ.

ಅಷ್ಟರಲ್ಲಿ ಸೆಕ್ರೆಟರಿ ಸಾಹೇಬರು ಹೇಳಿ ಕಳಿಸಿದರು: ಊರಿನ ಮೈದಾನದ ಮೊದಲ ಆಟದ ದಿನ ನನಗೆ ಶಾಲು ಹೊದಿಸುತ್ತಾರಂತೆ, ನಿಷ್ಪಕ್ಷಪಾತಕ್ಕೆ. ನಾಚಿಕೆಗೆಟ್ಟ ನನಗೆ ಹಿಗ್ಗಾಯಿತು. ಅವ್ವನನ್ನೂ ತಂಗಿಯನ್ನೂ ಕರೆಯಲು ಖಾನಾಪುರದ ಬಸ್ಸು ಹತ್ತಿದೆ.

ಝೆರಾಕ್ಸ್ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅವ್ವ ಬುತ್ತಿ ತಂದು ಬಾಜೂಕ್ಕೆ ಕುಳಿತಿದ್ದಳು. ನಾನು ಸುದ್ದಿ ಹೇಳಿದೆ.

"ಯಾತಕ್ಕಂತ ಶಾಲು?" ಎಂದಳು ಅಶ್ವಿನಿ.

"ನ್ಯಾಯಾ ಬಿಟ್ಟಿಲ್ಲಂತ."

ಅವಳು ಮಶಿನ್ನು ಬಂದ್ ಮಾಡಿದಳು. "ಅಣ್ಣಾ, ಅವತ್ತ ನಾ ಎಲ್ಲಿದ್ದೆ?"

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. "ಹಿಂದಿದ್ದಿ," ಎಂದೆ.

"ನಿನಗ ಕಂಡಿತ್ತು?"

"ಕಂಡಿತ್ತು."

ಅವಳು ಬೈಯುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಮುಖವನ್ನೇ ನೋಡಿದಳು. "ನಿನಗ ಕಂಡಿಲ್ಲ ಅಂತ ತಿಳದಿದ್ನೋ ಅಣ್ಣಾ. ಬಂದಾಗೆಲ್ಲ ಕಣ್ಣ ತೋರಿಸ್ಕೋ, ಚಶ್ಮಾ ಹಾಕ್ಕೋ ಅಂತ ಬೆನ್ನ ಹತ್ತಿದ್ನೆಲ್ಲ, ಅದಕ್ಕ. ಫೌಂಡ್ರಿ ಉರಿಗೆ ಕಣ್ಣ ಹೋದೂ ಅಂತ ಅವ್ವನ ಮುಂದ ಅತ್ತೀನಿ."

ಅವ್ವ ನನ್ನ ಪರವಾಗಿ ಬಾಯಿ ಹಾಕಿದಳು: "ಅಷ್ಟ ಮಂದಿ ಮುಂದ ಅವಾ ಏನ್ ಮಾಡಬೇಕಿತ್ತs?"

"ಮಂದಿ ಏನು ನನ್ನ ಜೋಡಿ ಓಡಾಕ ಬಂದಿದ್ರೇನ್ ಬೇ? ಕಣ್ಣs ಹೋಗಿದ್ರ ಛಲೋ ಇತ್ತು ಇವಂದು."

ಬುತ್ತಿಯನ್ನು ಮುಟ್ಟದೆ ತಿರುಗಿ ಬಂದೆ. ಬೆಳಗಾವಿಯ ಬಸ್‌ಸ್ಟ್ಯಾಂಡಿನಿಂದ ಮನೆಗೆ ಹೋಗದೆ ನೇರ ಮೈದಾನಕ್ಕೆ ಹೋಗಿ ಹೆಂಗಸರ ತಂಡದ ಕೋಚ್ ಮೇಡಮ್ಮರ ಮುಂದೆ ನಿಂತೆ. ಕೇರಳದವರು, ಅವರ ಹಿಂದಿ ನನ್ನ ಹಿಂದಿಯಷ್ಟೇ ಕುಂಟುತ್ತದೆ. ಎರಡು ಕುಂಟು ಹಿಂದಿಗಳ ನಡುವೆ ನನ್ನ ತಪ್ಪನ್ನು ಒಪ್ಪಿಸಿದೆ. ಆ ಗೋಲು ಗೋಲೇ, ನನ್ನ ತಂಗಿಯನ್ನು ತೆಗೆದುಕೊಳ್ಳಿ ಎಂದೆ. ಅವರು ಕರಗಲಿಲ್ಲ. ಒಂದು ಗೋಲು ಬಿದ್ದಿಲ್ಲವೆಂದು ನಾನು ಯಾರನ್ನೂ ಬಿಡುವವಳಲ್ಲ ಎಂದರು. ಬಾವುಟ ಎದ್ದ ಮೇಲೆ ಆ ಹುಡುಗಿ ಪ್ರತಿ ಸಲವೂ ಓಡುವ ಮೊದಲು ಗೆರೆಯ ಕಡೆ, ನಿಮ್ಮ ಕೈಯ ಕಡೆ ನೋಡುತ್ತಿದ್ದಳು. ನೋಡಿ ಓಡುವವಳು ಯಾವಾಗಲೂ ತಡವಾಗುತ್ತಾಳೆ. ಇನ್ನೊಂದು ಆಯ್ಕೆ ಇಟ್ಟಿದ್ದೇವೆ, ಬರಲಿ. ಆದರೆ ಹಾಗೆ ನೋಡುವುದನ್ನು ಬಿಟ್ಟು ಬರಲಿ ಎಂದರು.

ನಾನು ಒಂದು ಗೋಲು ಕದ್ದೆನೆಂದು ತಿಳಿದಿದ್ದೆ. ಕದ್ದದ್ದು ಗೋಲಲ್ಲ, ಓಟ. ಪಂಕ್ತಿಯಲ್ಲಿ ಕುಳಿತು ನನ್ನ ಕೈ ನೋಡುತ್ತಿದ್ದ ಹುಡುಗಿ ಮೈದಾನದಲ್ಲೂ ಅದನ್ನೇ ನೋಡುವ ಹಾಗೆ ಮಾಡಿದ್ದೆ. ಇದಕ್ಕೆ ನ್ಯಾಯವೆಂದು ಹೆಸರಿಟ್ಟ ಊರಿನ ಮೇಲೆ ನನಗೆ ಸಿಟ್ಟು. ಆ ಹೆಸರನ್ನು ಹಿಗ್ಗಿನಿಂದ ಹೊದ್ದು ತಿರುಗಿದ ನನ್ನ ಮೇಲೆ ಅದಕ್ಕಿಂತ ಸಿಟ್ಟು. ನಮ್ಮವರಿಗೆ ಹೆಚ್ಚು ಹಾಕಿದವನು ಕಳ್ಳನಾದರೆ, ನಮ್ಮವರ ಪಾಲನ್ನು ಕಿತ್ತು ಪರರ ಚಪ್ಪಾಳೆ ಕೊಂಡವನು ಯಾವ ಲೆಕ್ಕದ ಸಾಧು?

ಸೆಕ್ರೆಟರಿ ಸಾಹೇಬರಿಗೂ ಹೇಳಿದೆ. ಅವರು ಗಾಬರಿಯಾಗಲಿಲ್ಲ, ಬೇಸರ ಮಾಡಿಕೊಂಡರು. "ಅದೆಲ್ಲಾ ಈಗ್ಯಾಕ ತಗಿತಿ? ಕಥಿ ಮಂದಿಗೆ ಸೇರೈತಿ. ಶಾಲೂ ತಂದಿಟ್ಟೇವಿ."

"ಶಾಲು ಬ್ಯಾಡ್ರಿ. ಆಕಿ ಆಫ್‌ಸೈಡ್ ಇರಲಿಲ್ಲ ಅಂತ ಮೈಕಿನಾಗ ಒಂದ್ ಮಾತ ಹೇಳ್ರಿ ಸಾಕು."

"ಹುಚ್ಚ ಅದಿಯೇನು? ಬಿದ್ದಿಲ್ಲದ ಗೋಲಿಗೆ ಯಾರಾರ ಮೈಕ್ ಹಚ್ತಾರೇನು?"

ಕೊನೆಗೆ ಚಹಾದಂಗಡಿಯಲ್ಲಿ ನಾನೇ ಎದ್ದು ನಿಂತು ಹೇಳಿದೆ. ಅರ್ಧ ಜನ "ನೋಡ್ರಿ, ಎಷ್ಟ ವಿನಯ!" ಎಂದರು. ಉಳಿದರ್ಧ ಜನ "ಮತ್ತೊಂದ ಸೆಲೆಕ್ಷನ್ ಐತೆಲ್ಲ, ತಂಗಿ ಸಂಬಂಧ ಸುಳ್ಳ ಹೇಳಾತಾನ" ಎಂದರು. ಜನ್ಮವೆಲ್ಲ ಯಾವ ಮಾತಿಗೆ ಹೆದರಿ ಕೈ ಎತ್ತಿದ್ದೆನೋ ಆ ಮಾತು, ನಾನು ಖರೇ ಹೇಳಿದ ದಿನವೇ ಬಂದು ತಲೆಗೆ ಬಡಿಯಿತು. ವಿಚಿತ್ರವೆಂದರೆ ಅದು ಅಷ್ಟೇನೂ ಭಾರವಿರಲಿಲ್ಲ. ಅದನ್ನು ಹೊತ್ತುಕೊಂಡೇ ಖಾನಾಪುರಕ್ಕೆ ಹೋಗಿ ತಂಗಿಗೆ ಮೇಡಮ್ಮರ ಮಾತನ್ನು ಮುಟ್ಟಿಸಿದೆ. ಅವಳು "ಲೈನಿಗೆ ಯಾರು?" ಎಂದು ಕೇಳಿದಳು. ನಾನಲ್ಲ ಎಂದೆ.

ಬಂದಳು. ಬಾವುಟ ಹಿಡಿದವನು ನಿಪ್ಪಾಣಿ ಕಡೆಯ ಒಬ್ಬ ಅಪರಿಚಿತ. ನಾನು ಮೊದಲ ಸಲ ಕಟ್ಟೆಯ ಮೇಲೆ, ಬೆನ್ನ ಹಿಂದಿನಿಂದ ಒದರುವ ಮಂದಿಯ ನಡುವೆ ಕುಳಿತೆ. ಶುರುವಿನಲ್ಲಿ ಅಶ್ವಿನಿ ಮತ್ತೆ ಗೆರೆಯ ಕಡೆ ಕಣ್ಣು ಹಾಯಿಸಿದಳು, ತಡವಾದಳು. ಚೆಂಡು ಬೇರೆಯವರ ಪಾಲಾಯಿತು. ಮತ್ತೊಮ್ಮೆ ಹಾಗೆಯೇ ಆಯಿತು. ಎದ್ದು ನಿಂತು, ಹುಟ್ಟಿದಂದಿನಿಂದ ಕೂಗದಷ್ಟು ಜೋರಾಗಿ ಕೂಗಿದೆ: "ಅಶ್ವಿನೀ! ಅಲ್ಲೇನ ನೋಡ್ತೀ? ಓಡs!"

ಮೈದಾನವೆಲ್ಲ ತಿರುಗಿ ನನ್ನನ್ನು ನೋಡಿತು. ಅವಳು ಮಾತ್ರ ನೋಡಲಿಲ್ಲ. ಮುಂದಿನ ಚೆಂಡಿಗೆ, ಗೆರೆ, ಬಾವುಟ, ಕಾವಲಿನವರು ಯಾರೂ ಲೋಕದಲ್ಲೇ ಇಲ್ಲವೆಂಬಂತೆ ಓಡಿದಳು, ಓಡುತ್ತಲೇ ಒದ್ದಳು, ಬಲೆ ಅದುರಿತು.

ಬಾವುಟ ಎದ್ದಿತು. ಎರಡು ಹೆಜ್ಜೆ ಮುಂದಿದ್ದಳು. ಕುರುಡನಿಗೂ ಕಾಣುವಂಥ ಆಫ್‌ಸೈಡು. ಆ ಅಪರಿಚಿತ ಮಾಡಿದ್ದು ಸೋಳಾ ಆಣೆ, ಅಪ್ಪಟ ನ್ಯಾಯ. ಮೇಡಮ್ಮರು ಗೆರೆಯಾಚೆ ನಿಂತು ನಗುತ್ತಿದ್ದರು. ಅಶ್ವಿನಿಯನ್ನು ಕರೆದು ಹೆಗಲ ಮೇಲೆ ಕೈಯಿಟ್ಟು, ಉಳಿದ ಎಷ್ಟೋ ಹುಡುಗಿಯರನ್ನು ಹೊರಗೆ ಕರೆಸಿದ ಮೇಲೂ ಅವಳನ್ನು ಮುಂದಿನ ಅರ್ಧಕ್ಕೆ ಒಳಗೇ ಉಳಿಸಿಕೊಂಡರು. ಇದನ್ನೆಲ್ಲ ನಾನು ಆಮೇಲೆ ಕಂಡದ್ದು. ಆ ಕ್ಷಣಕ್ಕೆ ನಾನು ಕಟ್ಟೆಯ ತುದಿಗೆ ಬಂದು, ಕುತ್ತಿಗೆಯ ನರ ಉಬ್ಬಿಸಿ ಅವನನ್ನು ಬೈಯುತ್ತಿದ್ದೆ: "ಏನಪಾ ಲೈನ್ಸ್‌ಮನ್, ಊರಿಂದ ಬರುವಾಗ ಯಾರಿಗೆ ಮಾತ ಕೊಟ್ಟ ಬಂದೀ? ಇಳಸದನ್ನ ಕೆಳಗ!"

"ಯಾರ್ರೀ ಅಂವಾ, ಇಷ್ಟ ಅನ್ಯಾಯ ಒದರಾತಾನ?" ಎಂದು ಹಿಂದೆ ಯಾರೋ ಕೇಳಿದರು.

"ಆಕಿ ಅಣ್ಣರೀ," ಎಂದ ಇನ್ನೊಬ್ಬ.

ನಾನು ತಿರುಗಿ ನೋಡಲಿಲ್ಲ. ಚೆಂಡು ಮತ್ತೆ ಅವಳ ಕಡೆ ಬರುತ್ತಿತ್ತು.