ಕೆನಡಾದ ಎಣ್ಣೆಗೆ ಜಾಗ ಕೇಳಲು ಹೋದದ್ದು

ಟೋಕಿಯೊ ಪಕ್ಕದ ಊರು ಕಾಶಿವಾದ ಮನೆಯಿಂದ ಹೊರಟಾಗ ಫೆಬ್ರವರಿಯ ಗಾಳಿ ಕಿವಿ ಕೊರೆಯುತ್ತಿತ್ತು. ಸ್ಟೇಷನ್ ಪಕ್ಕದ ಕೊಂಬಿನಿ ಅಂಗಡಿಯಲ್ಲಿ ಎರಡು ಅನ್ನದ ಉಂಡೆ, ಒಂದು ಬಿಸಿ ಚಹಾದ ಬಾಟಲಿ ಕೊಂಡು, ಟೋಕಿಯೊಗೆ ಬಂದು ಕೋಬೆಯ ಕಡೆಗಿನ ಶಿಂಕಾನ್ಸೆನ್ ಬುಲೆಟ್ ರೈಲು ಹತ್ತಿದೆ. ಟಿಕೆಟ್ಟಿಗೆ ಹದಿನೈದು ಸಾವಿರ ಯೆನ್ ಹತ್ತಿರ ಬಿತ್ತು. ಐನೂರು ಕಿಲೋಮೀಟರ್ ದಾರಿಯನ್ನು ಮೂರು ಗಂಟೆಯೊಳಗೆ ಮುಗಿಸುತ್ತಾರೆ, ಆದ್ದರಿಂದ ಗೊಣಗಲಿಲ್ಲ. ಫ್ಯೂಜಿ ಬೆಟ್ಟ ಮೋಡದಲ್ಲಿತ್ತು. ನನಗೂ ನೋಡುವ ವ್ಯವಧಾನ ಇರಲಿಲ್ಲ.

ನಾನು ಟೋಕಿಯೊದ ಒಂದು ಸಣ್ಣ ಕಂಪನಿಯಲ್ಲಿ ಕಚ್ಚಾ ತೈಲ ಮಾರುವವಳು. ಜಪಾನ್ ಉರಿಸುವ ಎಣ್ಣೆಯಲ್ಲಿ ಬಹುಪಾಲು ಕೊಲ್ಲಿ ದೇಶಗಳಿಂದ, ಹೆಚ್ಚಾಗಿ ತೈಲ ರಫ್ತುದಾರರ ಒಕ್ಕೂಟದವರಿಂದ, ಒಂದು ಇಕ್ಕಟ್ಟಾದ ಜಲಸಂಧಿಯನ್ನು ದಾಟಿ ಬರುತ್ತದೆ. ಅಲ್ಲಿ ಗಲಾಟೆಯಾದರೆ ಇಲ್ಲಿ ಎಲ್ಲರಿಗೂ ಎದೆ ಡವಡವ. ಒಕ್ಕೂಟಕ್ಕೆ ಸೇರದೆಯೂ ಧಾರಾಳವಾಗಿ ಎಣ್ಣೆ ತೆಗೆಯುವ ಅಮೆರಿಕ, ಕೆನಡಾ, ನಾರ್ವೆ, ಬ್ರೆಜಿಲ್‌ಗಳಿಂದ ತರಿಸುವುದು ನಮ್ಮ ವಿಭಾಗದ ಕೆಲಸ. ಎರಡು ವರ್ಷ ಗುದ್ದಾಡಿದರೂ ಕೆನಡಾದಿಂದ ಒಂದು ಹಡಗೂ ಬಂದಿರಲಿಲ್ಲ. ಈಗ ವ್ಯಾಂಕೂವರ್‌ನ ಮಾರಾಟಗಾರರು ಒಂದು ಹಡಗಿನ ಸರಕನ್ನು ಶುಕ್ರವಾರ ಸಂಜೆಯವರೆಗೆ ನಮಗಾಗಿ ಇಟ್ಟುಕೊಂಡಿದ್ದರು. ಅದೂ ಕೈ ತಪ್ಪಿದರೆ ವಿಭಾಗವನ್ನೇ ಮುಚ್ಚುವುದೆಂದು ಮೇಲಿನವರು ಹೇಳಿಬಿಟ್ಟಿದ್ದರು. ತರಿಸಿಯೇ ತೀರುತ್ತೇನೆ ಎಂದುಕೊಂಡೇ ನಾನು ರೈಲಿನಲ್ಲಿ ಕೂತಿದ್ದೆ.

ಕೋಬೆಯಿಂದ ಪಶ್ಚಿಮಕ್ಕೆ, ಸಮುದ್ರದ ಅಂಚಿನಲ್ಲೇ ಲೋಕಲ್ ರೈಲಿನಲ್ಲಿ ಒಂದು ಗಂಟೆ ಹೋದರೆ, ಆ ಸರಕನ್ನು ಕೊಳ್ಳಲು ನಾನು ಒಪ್ಪಿಸಬೇಕಾಗಿದ್ದ ತೈಲ ಸಂಸ್ಕರಣಾ ಘಟಕ. ಗುರುವಾರ ಮಧ್ಯಾಹ್ನ ಮೀಟಿಂಗ್ ಇತ್ತು. ಮುಖ್ಯಸ್ಥರಾದ ಮೊರಿ ಸಾನ್, ಪ್ರಯೋಗಾಲಯದ ಒಕಾದಾ ಸಾನ್, ಟ್ಯಾಂಕುಗಳನ್ನು ನೋಡಿಕೊಳ್ಳುವ ಹಾರಾ ಸಾನ್ ಎದುರಿಗೆ ಕೂತಿದ್ದರು. ಜಲಸಂಧಿಯ ತಂಟೆಯಿಲ್ಲ, ದಾರಿಯೂ ಹತ್ತಿರ ಎಂದು ಸ್ಲೈಡ್ ಮೇಲೆ ಸ್ಲೈಡ್ ತೋರಿಸಿದೆ. ಯಾರೂ ಏನೂ ಕೇಳಲಿಲ್ಲ. ಸುಮ್ಮನಿರಲಾರದೆ ಎಲ್ಲರ ಮುಂದೆಯೇ ಒಕಾದಾ ಸಾನ್ ಕಡೆ ತಿರುಗಿ, “ನಿಮಗೇನನ್ನಿಸುತ್ತದೆ?” ಎಂದೆ. ಅವರ ಕಿವಿ ಕೆಂಪಾಯಿತು. ಮುಂದಿದ್ದ ಕಾಗದಗಳನ್ನು ಜೋಡಿಸತೊಡಗಿದರು. “ನಾಳೆ ಮಧ್ಯಾಹ್ನ ಇನ್ನೊಮ್ಮೆ ಕೂರೋಣ,” ಎಂದು ಮೊರಿ ಸಾನ್ ಎದ್ದರು. ಅದು ಬರೀ ಮರ್ಯಾದೆಯ ಮಾತೆಂದು ನನಗೂ ಗೊತ್ತಾಯಿತು.

ಆ ರಾತ್ರಿ ಕೋಬೆಯಲ್ಲಿ ಸುಧಾಳ ಮನೆಯಲ್ಲಿ ಉಳಿದೆ. ಮೈಸೂರಿನಲ್ಲಿ ನನ್ನ ಜೊತೆ ಓದಿದವಳು. ಜಪಾನಿನ ದಪ್ಪ ಮೂಲಂಗಿ ಹಾಕಿ ಹುಳಿ ಮಾಡಿದ್ದಳು. ಬಡಿಸುತ್ತಲೇ ಎಲ್ಲ ಕೇಳಿಸಿಕೊಂಡಳು.

“ಮೀಟಿಂಗ್‌ಗೆ ಮುಂಚೆ ಯಾರ್ಯಾರನ್ನ ಮೀಟ್ ಮಾಡಿದ್ದೆ?”

“ಯಾರನ್ನೂ ಇಲ್ಲ. ಮೀಟಿಂಗ್ ಇರೋದೇ ಮಾತಾಡಕ್ಕಲ್ವೇನೆ?”

“ಇಲ್ಲಿ ಮಾತೆಲ್ಲಾ ಮುಗಿದ್ಮೇಲೆ ಮೀಟಿಂಗ್ ಕಣೆ. ನಮ್ ಬಿಲ್ಡಿಂಗ್ ಹಾಲಲ್ಲಿ ಗಣೇಶನ್ನ ಕೂರ್ಸಕ್ಮುಂಚೆ ಒಂದೊಂದು ಬಾಗ್ಲೂ ತಟ್ಟಿ, ಸುಮಿಮಾಸೆನ್, ಕ್ಷಮ್ಸಿ, ಗಂಟೆ ಸೌಂಡ್ ಆಗತ್ತೆ ಅಂತ ಹೇಳಿ ಬಂದೆ. ಅಸೋಸಿಯೇಷನ್ ಮೀಟಿಂಗಲ್ಲಿ ಐದೇ ನಿಮಿಷಕ್ಕೆ ಓಕೆ ಆಯ್ತು. ಊರಲ್ಲಿ ಮದ್ವೆಗೆ ಮನೆಮನೆಗೆ ಹೋಗಿ ಕರೀತೀವಲ್ಲ, ಹಾಗೇ. ಬರೀ ಕಾರ್ಡ್ ಕಳ್ಸಿದ್ರೆ ಯಾರ್ ಬರ್ತಾರೆ?”

ಹೀಗೆ ಸುತ್ತಿಬರುವ ಕೆಲಸವನ್ನು ಇಷ್ಟು ದಿನ ನಮ್ಮ ಬಾಸ್ ಮಾಡುತ್ತಿದ್ದರು. ಈ ಸಲ ಅವರು ಜ್ವರದಿಂದ ಮಲಗಿದ್ದರು. ಸ್ಲೈಡ್ ತೋರಿಸುವವಳಾದ ನನ್ನ ಕಣ್ಣಿಗೆ ಅದು ಬಿದ್ದೇ ಇರಲಿಲ್ಲ.

ಶುಕ್ರವಾರ ಬೆಳಗಾಗುತ್ತಲೇ, ಮದುವೆಗೆ ಕರೆಯುವವಳ ಹಾಗೆ, ಘಟಕಕ್ಕೆ ಹೊರಟೆ. ಹಾರಾ ಸಾನ್ ಟ್ಯಾಂಕುಗಳ ನಡುವೆ ಸಿಕ್ಕಿದರು. ಗಾಳಿಗೆ ಹೆಲ್ಮೆಟ್ ಹಿಡಿದುಕೊಂಡೇ ಅವರ ಹಿಂದೆ ನಡೆದೆ. “ಕೆನಡಾದ್ದು ದಪ್ಪ ಎಣ್ಣೆ. ಚಳಿಗೆ ಗಂಜಿಯ ಹಾಗಾಗುತ್ತದೆ,” ಎಂದರು. ಬಿಸಿ ಮಾಡುವ ಟ್ಯಾಂಕ್ ಇಲ್ಲವೇ ಎಂದು ಕೇಳಿದೆ. ಇದೆ, ಆದರೆ ಅದರ ವಿಷಯ ತಮ್ಮನ್ನು ಯಾರೂ ಕೇಳಿರಲಿಲ್ಲ ಎಂದರು. ನಾನು ತಲೆ ಬಾಗಿಸಿ, “ಈಗ ಕೇಳುತ್ತಿದ್ದೇನೆ,” ಎಂದೆ.

ಒಕಾದಾ ಸಾನ್ ಬಳಿ ಮೊದಲು, ಹಿಂದಿನ ದಿನ ಎಲ್ಲರೆದುರು ಪ್ರಶ್ನಿಸಿದ ತಪ್ಪಿಗೆ ಕ್ಷಮೆ ಕೇಳಿದೆ. ಅವರು ಚಹಾ ಸುರಿದು ಕೊಟ್ಟರು. “ಕೆನಡಾದ ಎಣ್ಣೆಯಲ್ಲಿ ಆಮ್ಲ ಜಾಸ್ತಿ. ಪೈಪುಗಳನ್ನು ತಿಂದುಹಾಕುತ್ತದೆ.”

“ಬೇರೆ ಎಣ್ಣೆಯ ಜೊತೆ ಬೆರೆಸಿದರೆ?”

“ಒಮಾನಿನದು ನಮ್ಮಲ್ಲಿದೆ,” ಎಂದು ಅವರು ಯೋಚನೆಗೆ ಬಿದ್ದರು. ಒಮಾನ್ ಕೊಲ್ಲಿಯ ಕಡೆಯದಾದರೂ ಒಕ್ಕೂಟದ ಹೊರಗಿನದೇ, ಅದೂ ನನಗೆ ನೆಂಟರ ಪೈಕಿ. ನಾನು ಹಿಂದಿನ ತಿಂಗಳು ಕಳಿಸಿದ್ದ ಕೆನಡಾದ ಎಣ್ಣೆಯ ಮಾದರಿ ಬಾಟಲಿ ಬೀರುವಿನಲ್ಲಿ ಹಾಗೇ ಇತ್ತು. ಒಕಾದಾ ಸಾನ್ ಅದನ್ನು ತೆಗೆದು, ಊಟಕ್ಕೂ ಹೋಗದೆ ಪರೀಕ್ಷೆಗೆ ನಿಂತರು. ನಾನೂ ಊಟ ಬಿಟ್ಟು ಹೊರಗಿನ ಬೆಂಚಿನಲ್ಲಿ ಕಾದೆ. ಕೊನೆಗೆ ಬಾಗಿಲು ತೆರೆದು, “ಮೀಟಿಂಗಿಗೆ ಹೊತ್ತಾಯಿತು,” ಎಂದಷ್ಟೇ ಹೇಳಿದರು.

ಈ ಸಲ ನಾನು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಒಕಾದಾ ಸಾನ್ ಎದ್ದು, ಒಮಾನಿನ ಎಣ್ಣೆಗೆ ಸ್ವಲ್ಪ ಸ್ವಲ್ಪವೇ ಬೆರೆಸಿದರೆ ಪೈಪು ತಡೆಯುತ್ತದೆ ಎಂದರು. ಬಿಸಿ ಮಾಡುವ ಟ್ಯಾಂಕ್ ಮುಂದಿನ ತಿಂಗಳು ಖಾಲಿಯಾಗುತ್ತದೆ ಎಂದು ಹಾರಾ ಸಾನ್ ಸೇರಿಸಿದರು. ಜಲಸಂಧಿಯ ಮಾತನ್ನೂ, ಹತ್ತಿರದ ದಾರಿಯ ಮಾತನ್ನೂ ಅವರಿಬ್ಬರೇ ಆಡಿದರು, ನನ್ನ ಹೆಸರೆತ್ತದೆ. ನಡುವೆ ಬಾಯಿ ಹಾಕಲು ನಾಲಿಗೆ ತುರಿಸುತ್ತಿತ್ತು. ಹಲ್ಲು ಕಚ್ಚಿ ಕೂತೆ. ಮೊರಿ ಸಾನ್ ಎಲ್ಲರ ಮುಖ ನೋಡಿ, ಕೊನೆಗೆ ನನ್ನ ಕಡೆ ತಿರುಗಿದರು.

“ಹಡಗು ಯಾವಾಗ ಬರುತ್ತದೆ?”

ಸ್ಟೇಷನ್ನಿನ ಹೊರಗಿನಿಂದಲೇ ವ್ಯಾಂಕೂವರ್‌ಗೆ ಸಂದೇಶ ಕಳಿಸಿದೆ. ಪ್ಲಾಟ್‌ಫಾರ್ಮಿನ ತುದಿಯಿಂದ ಬಂದರು ಕಾಣುತ್ತಿತ್ತು. ಕೊಲ್ಲಿಯಿಂದ ಬಂದ ದೊಡ್ಡ ಹಡಗೊಂದು ಎಣ್ಣೆ ಇಳಿಸುತ್ತಿತ್ತು, ಅದರ ಪಕ್ಕದಲ್ಲಿ ಹಡಗು ನಿಲ್ಲುವ ಇನ್ನೊಂದು ಕಟ್ಟೆ ಖಾಲಿಯಿತ್ತು. ರೈಲು ಬರುವವರೆಗೂ ಆ ಖಾಲಿ ಜಾಗವನ್ನೇ ನೋಡುತ್ತ ನಿಂತೆ. ಅಷ್ಟರಲ್ಲಿ ಸುಧಾಳ ಫೋನ್ ಬಂತು.

“ಏನಾಯ್ತೇ? ಮೀಟಿಂಗಲ್ಲಿ ಏನ್ ಹೇಳ್ದೆ?”

“ಏನೂ ಹೇಳ್ಲಿಲ್ಲ,” ಎಂದೆ. “ಹಡಗು ಬರತ್ತೆ.”