ಅಗಸಿಯವರೆಗೆ ಅಳೆದ ದಾರಿ

ಕೊರೊನಾ ಮುಗಿದು ಶಾಲೆಗಳು ಪೂರ್ತಿ ತೆರೆದ ಮರುವರ್ಷ ನಾನು ಸುರಪುರ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಮುಖ್ಯಗುರುವಾಗಿದ್ದೆ. ನಿವೃತ್ತಿ ಹತ್ತಿರವಿತ್ತು. ನನ್ನ ಹೆಂಡತಿ ಮಹಾದೇವಿ ಅದೇ ಊರಿನ ಗ್ರಾಮ ಪಂಚಾಯಿತಿ ಸದಸ್ಯೆ. ಹೋದ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಆ ವರ್ಷ ನಡೆದ ಒಂದು ಸಭೆಯ ಮಾತನ್ನು ಅವಳು ಕೊನೆಯವರೆಗೂ ತೆಗೆಯುತ್ತಿದ್ದಳು. ಅದನ್ನು ಕೇಳುತ್ತಿದ್ದವನು ನಾನೊಬ್ಬನೇ. ಈಗ ಅದನ್ನು ಬರೆದಿಡಬೇಕು ಅನ್ನಿಸಿದೆ.

ನಮ್ಮ ಶಾಲೆಗೆ ಸುತ್ತಲಿನ ಸಣ್ಣ ಊರುಗಳಿಂದ ಮಕ್ಕಳು ಬರುತ್ತಿದ್ದರು. ಅಲ್ಲಿ ಐದನೇ ತರಗತಿಯವರೆಗೆ ಮಾತ್ರ ಶಾಲೆ, ಬಸ್ಸೂ ಇಲ್ಲ. ಹಾಗಾಗಿ ಇಲಾಖೆಯ ಖರ್ಚಿನಲ್ಲಿ ಒಂದು ಟಂಟಂ ಆಟೋ ಮಕ್ಕಳನ್ನು ಕರೆತಂದು ಬಿಡುತ್ತಿತ್ತು. ಆ ವರ್ಷ ಈ ವ್ಯವಸ್ಥೆ ಬದಲಾಯಿತು. ವಾಹನ ರದ್ದಾಗಿ, ಅದರ ಬದಲು ಪಾಲಕರ ಖಾತೆಗೆ ಸಾರಿಗೆ ಭತ್ಯೆ ಬರುವಂತಾಯಿತು. ಭತ್ಯೆಯೂ ಶಾಲೆಯಿಂದ ಮೂರು ಕಿಲೋಮೀಟರಿಗಿಂತ ದೂರದ ಮಕ್ಕಳಿಗೆ ಮಾತ್ರ. ದೂರವನ್ನು ತಾಲ್ಲೂಕಿನಿಂದ ಬಂದವರು ಅಳೆಯಬೇಕು, ಪಂಚಾಯಿತಿ ಅದನ್ನು ಪರಿಶೀಲಿಸಿ ಠರಾವು ಮಾಡಬೇಕು. ಠರಾವು ಎಂದರೆ ಸಭೆಯ ಲಿಖಿತ ನಿರ್ಣಯ. ತಪ್ಪು ಕಂಡರೆ ಆಕ್ಷೇಪಣೆ ಕಳಿಸುವ ಅಧಿಕಾರವೂ ಪಂಚಾಯಿತಿಗೆ ಇತ್ತು.

ಅಳೆಯುವವರು ಜೀಪಿನಲ್ಲಿ ಬಂದರು. ಪಂಚಾಯಿತಿಯ ಕೊನೆಯ ಊರಿಗೆ ಹೋದಾಗ ಅಲ್ಲಿನ ಹಿರಿಯರು ರೂಢಿಯಂತೆ ಊರ ಬಾಗಿಲಾದ ಅಗಸಿಯಲ್ಲೇ ಎದುರುಗೊಂಡರು, ಶಾಲು ಹೊದಿಸಿದರು, ಚಹಾ ಕುಡಿಸಿ ಅಲ್ಲಿಂದಲೇ ಬೀಳ್ಕೊಟ್ಟರು. ಜೀಪಿನ ಮೀಟರು ಅಗಸಿಯಲ್ಲಿ ನಿಂತಿತು. ಶಾಲೆಯಿಂದ ಅಲ್ಲಿಗೆ ಮೂರು ಕಿಲೋಮೀಟರಿಗೆ ತುಸು ಕಡಿಮೆ. ಆದರೆ ನಮ್ಮ ಶಾಲೆಗೆ ಬರುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರು ಊರು ದಾಟಿ, ಹಳ್ಳ ದಾಟಿ, ಆಚೆಗಿರುವ ದಲಿತರ ಕೇರಿಯವರು. ಅವರ ಮನೆಗಳು ಮೂರೂವರೆಯ ಆಚೆ. ನನ್ನ ಏಳನೇ ತರಗತಿಯ ಕಸ್ತೂರಿ ಆ ಕೇರಿಯ ಹುಡುಗಿ. ಚೆನ್ನಾಗಿ ಓದುತ್ತಿದ್ದಳು. ಅವಳ ತಾಯಿ ಯಲ್ಲವ್ವ ಮೀಸಲು ಸ್ಥಾನದಿಂದ ಗೆದ್ದ ಪಂಚಾಯಿತಿ ಸದಸ್ಯೆ, ತಂದೆ ಗೌಡರ ಟ್ರ್ಯಾಕ್ಟರ್ ಡ್ರೈವರ್.

ಗೌಡರು ಎಂದರೆ ಪಂಚಾಯಿತಿ ಅಧ್ಯಕ್ಷೆಯ ಗಂಡ. ಊರಿನಲ್ಲಿ ಎಲ್ಲರೂ ಅವರನ್ನೇ ಅಧ್ಯಕ್ಷರು ಎನ್ನುತ್ತಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳು ಗೆದ್ದರೆ ಸಭೆಗೆ ಗಂಡಂದಿರು ಬಂದು ಕೂಡುತ್ತಾರೆ, ಸಹಿಗೆ ಮಾತ್ರ ಪುಸ್ತಕ ಮನೆಗೆ ಹೋಗಿ ಬರುತ್ತದೆ. ಮಹಾದೇವಿ ಮಾತ್ರ ತಾನೇ ಹೋಗುತ್ತಿದ್ದಳು. ಶಾಲೆಯ ಪರವಾಗಿ ಮಾಹಿತಿ ಕೊಡಲು ಕರೆದಿದ್ದರಿಂದ ಅಂದು ನಾನೂ ಹೋಗಿ ಗೋಡೆಯ ಪಕ್ಕ ಕುಳಿತಿದ್ದೆ.

"ಮಾಸ್ತರ್ರ, ನೀವ ಬಂದೀರಲ್ಲ, ಮತ್ತ ಅಕ್ಕೋರಿಗ್ಯಾಕ ತ್ರಾಸು? ಮನ್ಯಾಗ ರೊಟ್ಟಿ ಯಾರು ಬಡೀಬೇಕು?" ಎಂದರು ಗೌಡರು.

"ರೊಟ್ಟಿ ಬಡದ ಬಂದೀನ್ರಿ. ನಿಮ್ಮನ್ಯಾಗ ಅಧ್ಯಕ್ಷರು ಇನ್ನಾ ಬಡ್ಯಾಕತ್ತಾರೇನು?" ಎಂದಳು ಮಹಾದೇವಿ.

ಎಲ್ಲರೂ ನಕ್ಕರು, ಗೌಡರೂ ನಕ್ಕರು.

ದೂರದ ವಿಷಯ ಬಂದಾಗ ನಾನು ಮಕ್ಕಳು ಎಲ್ಲಿಂದ ಬರುತ್ತಾರೆ ಎಂದು ವಿವರಿಸಿದೆ. ಅಳತೆಯನ್ನು ಕೇರಿಯ ಕೊನೆಯ ಮನೆಯವರೆಗೆ ಮಾಡಬೇಕೆಂದು ಮಹಾದೇವಿ ಆಕ್ಷೇಪಣೆ ಮಂಡಿಸಿದಳು. ಗೌಡರಿಗೆ ಅದು ಬೇಡವಾಗಿತ್ತು. ಅವರ ಸಿಸಿ ರಸ್ತೆ ಕಾಮಗಾರಿ ತಾಲ್ಲೂಕಿನ ಮಂಜೂರಿಗೆ ಕಾದಿತ್ತು, ಅಲ್ಲಿಯವರ ಅಳತೆ ತಪ್ಪೆಂದು ಬರೆದು ಕಳಿಸಲು ಅವರು ತಯಾರಿರಲಿಲ್ಲ. ಆದರೆ ಅವರು ಕೊಟ್ಟ ಕಾರಣ ಬೇರೆ.

"ಊರಂದ್ರ ಅಗಸೀರಿ. ಮುತ್ಯಾಗೋಳ ಕಾಲದಿಂದ ಹಾಂಗೇ ಐತಿ. ಕೇರಿ ಬ್ಯಾರೆ, ಊರು ಬ್ಯಾರೆ ಅಂತ ನಾವು ಬರದುಕೊಟ್ರ ನಾಳಿಗಿ ಕೇಸ್ ಹಾಕ್ತಾರ. ಕೇರಿ ನಮ್ಮೂರಾಗ ಐತಿ."

ಮಹಾದೇವಿ ಅವರ ಕಡೆ ತಿರುಗಿದಳು. "ನಳದ ನೀರು ಬಿಡೂ ಮುಂದ ಕೇರಿ ಊರ ಹೊರಗಿತ್ತು ಗೌಡ್ರ. ದಾರಿ ಅಳಿಯೂ ದಿನ ಒಳಗ ಬಂತೇನು?"

ಈ ಸಲ ಯಾರೂ ನಗಲಿಲ್ಲ. ಅಳತೆ ಒಪ್ಪುವವರು ಕೈ ಎತ್ತಿರಿ ಎಂದರು ಗೌಡರು. ಕೈಗಳು ಎದ್ದವು.

"ಇವು ಯಾರ ಕೈ?" ಎಂದು ಕೇಳಿದಳು ಮಹಾದೇವಿ. "ಸದಸ್ಯರ ಕೈ ನನಗ ಕಾಣವಲ್ವು. ಸದಸ್ಯರನ್ನ ಕರಸ್ರಿ, ಆಮ್ಯಾಲ ಎಣಸ್ರಿ."

ಪಿಡಿಒ, ಎಂದರೆ ಪಂಚಾಯಿತಿಯ ಅಧಿಕಾರಿ, ತಲೆ ತಗ್ಗಿಸಿ ಕುಳಿತಿದ್ದ. ನಿಯಮ ಅವಳ ಪರವಾಗಿತ್ತು, ಇಲ್ಲವೆನ್ನಲು ಅವನಿಗೆ ಬರುವಂತಿರಲಿಲ್ಲ. ಗಂಡಸರು ಗೊಣಗುತ್ತಾ ಫೋನು ಮಾಡಿದರು. ಅಧ್ಯಕ್ಷೆಯೂ ಸೇರಿ ಒಬ್ಬೊಬ್ಬರಾಗಿ ಹೆಣ್ಣುಮಕ್ಕಳು ಬಂದರು, ಒಬ್ಬಳ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ಯಲ್ಲವ್ವ ಹೊಲದಿಂದ ಬಂದಳು. ಗೌಡರ ಟ್ರ್ಯಾಕ್ಟರಿನಲ್ಲಿ ಅವಳ ಗಂಡನೇ ಕೂರಿಸಿಕೊಂಡು ಬಂದಿದ್ದ. ಅವಳನ್ನು ಕಂಡು ಮಹಾದೇವಿಯ ಮುಖ ಅರಳಿದ್ದನ್ನು ನಾನು ನೋಡಿದೆ. ಉಳಿದವರು ಹೇಗೋ ಏನೋ, ಮಗಳ ದಾರಿಯ ಮಾತಿಗಾದರೂ ಯಲ್ಲವ್ವ ತನ್ನ ಜೊತೆ ನಿಲ್ಲುತ್ತಾಳೆ ಎಂದು ಅವಳು ನಂಬಿದ್ದಳು.

ಗೌಡರು ಮತ್ತೆ ಕೇಳಿದರು. ಬಾಗಿಲ ಬಳಿ ನಿಂತ ಗಂಡಂದಿರು ನೋಡುತ್ತಿದ್ದರು. ಹೆಣ್ಣುಮಕ್ಕಳ ಕೈಗಳು ಎದ್ದವು. ಯಲ್ಲವ್ವನದು ಕೊನೆಗೆ ಎದ್ದಿತು. ಸೆರಗು ಹಲ್ಲಿನಲ್ಲಿ ಕಚ್ಚಿಕೊಂಡು, ನೆಲ ನೋಡುತ್ತಾ, ಅಗಸಿಯವರೆಗಿನ ಅಳತೆ ಸರಿ ಎಂದು ಅವಳು ಕೈ ಎತ್ತಿದಳು. ಮಹಾದೇವಿಯೊಬ್ಬಳ ವಿರೋಧ ದಾಖಲಾಯಿತು.

ಟಂಟಂ ನಿಂತಿತು. ಭತ್ಯೆ ಆ ಊರಿಗೆ ಬರಲಿಲ್ಲ. ಮಕ್ಕಳು ಕೆಲವು ವಾರ ನಡೆದೇ ಬಂದರು. ಹಳ್ಳ ತುಂಬಿದ ದಿನ ಯಾರೂ ಬರುತ್ತಿರಲಿಲ್ಲ. ಗಂಡು ಹುಡುಗರು ಬೈಕಿನವರನ್ನು ಕೈಮಾಡಿ ನಿಲ್ಲಿಸಿ ಹತ್ತಿಕೊಂಡು ಬಂದರು. ಹೆಣ್ಣುಮಕ್ಕಳನ್ನು ಹಾಗೆ ಕಳಿಸುವವರು ಯಾರು? ದಸರಾ ರಜೆ ಮುಗಿದ ಮೇಲೆ ಕಸ್ತೂರಿ ಬರಲೇ ಇಲ್ಲ.

ನಾನು ಠರಾವಿನ ವಿರುದ್ಧ ತಾಲ್ಲೂಕಿಗೆ ಅರ್ಜಿ ಒಯ್ದೆ. ಅಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ಕುರ್ಚಿ ಕೊಟ್ಟು ಎಲ್ಲವನ್ನೂ ಕೇಳಿದರು. ಸದಸ್ಯರೇ ಖುದ್ದು ಹಾಜರಿದ್ದು ಒಪ್ಪಿದ್ದಾರೆ, ಆ ಊರಿನ ಸದಸ್ಯೆಯೂ ಒಪ್ಪಿದ್ದಾರೆ, ಇನ್ನು ತಾನು ಮುಟ್ಟುವಂತಿಲ್ಲ ಎಂದರು. ಗಂಡಂದಿರು ಕೈ ಎತ್ತಿದ ಸಭೆಯಾಗಿದ್ದರೆ ಅದೊಂದೇ ಕಾರಣಕ್ಕೆ ಠರಾವು ತಡೆದು ಮತ್ತೆ ಅಳೆಸಬಹುದಿತ್ತಂತೆ.

ಮನೆಗೆ ಬಂದು ಹೇಳಿದೆ. ಮಹಾದೇವಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ಅಂದ್ರ ನಾನ ಅದನ್ನ ಪಕ್ಕಾ ಮಾಡಿಕೊಟ್ಟಂಗಾತು," ಎಂದಳು.

ಮರುದಿನ ಇಬ್ಬರೂ ಯಲ್ಲವ್ವನ ಮನೆಗೆ ಹೋದೆವು. ಕಸ್ತೂರಿ ಹತ್ತಿ ಬಿಡಿಸಲು ಹೋಗಿದ್ದಳು, ಗೌಡರದೇ ಹೊಲ. ಯಲ್ಲವ್ವ ಚಹಾ ಮಾಡಿ ಕೊಟ್ಟಳು. ಮಹಾದೇವಿ ಕೇಳುವ ಮೊದಲೇ ಯಲ್ಲವ್ವ ತಾನೇ ಹೇಳಿದಳು.

"ನೀವು ಕರಸಿದ್ರಿ, ಬಂದೆ ಅಕ್ಕೋರ. ಸಭಾ ಮುಗೀತು, ನೀವು ನಿಮ್ಮ ಮನಿಗಿ ಹೋದ್ರಿ. ನಾ ಕೈ ಎತ್ತಲಿಲ್ಲಂದ್ರ ಯಾರ ಮನಿಗಿ ಹೋಗಬೇಕಿತ್ತು?"

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಮಗೆ ಹಗುರವಾಗುತ್ತಿತ್ತೇನೋ. ಕಸ್ತೂರಿಯನ್ನು ಪರೀಕ್ಷೆಗಾದರೂ ಕಳಿಸು ಎಂದು ನಾನು ಹೇಳಿ ಬಂದೆ. ಅವಳು ಬರಲಿಲ್ಲ. ಮುಂದಿನ ವರ್ಷ ಅವಳ ಹೆಸರು ಶಾಲೆ ಬಿಟ್ಟ ಮಕ್ಕಳ ಲೆಕ್ಕಕ್ಕೆ ಸೇರಿತು. ತಾಲ್ಲೂಕು ಕೇಂದ್ರದಲ್ಲಿ ನಡೆದ ಮುಖ್ಯಗುರುಗಳ ಸಭೆಯಲ್ಲಿ ಮಕ್ಕಳು ಯಾಕೆ ಬಿಟ್ಟರು ಎಂದು ನನ್ನನ್ನೇ ಗದರಿಸಿದರು. "ಪಾಲಕರ ನಿರಾಸಕ್ತಿ" ಎಂದು ಕಾರಣ ತುಂಬಲು ಹೇಳಿದರು. ಗೌಡರ ಸಿಸಿ ರಸ್ತೆ ಆ ಬೇಸಿಗೆಯಲ್ಲಿ ಆಯಿತು. ಅದೂ ಅಗಸಿಗೆ ಬಂದು ನಿಂತಿದೆ.

ಮಹಾದೇವಿ ಮತ್ತೆ ಚುನಾವಣೆಗೆ ನಿಲ್ಲುವುದಿಲ್ಲ ಎಂದುಬಿಟ್ಟಳು. ಆಮೇಲೆ ಕಾಯಿಲೆ ಬಂತು. ಕಲಬುರಗಿಯ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ, ನಾನು ಮೋಸಂಬಿ ಸುಲಿಯುತ್ತಿದ್ದಾಗ, "ಅವತ್ತ ಗಂಡಸರ ಕೈ ಹಂಗೇ ಇರಾಕ ಬಿಟ್ಟಿದ್ರ ಆ ಹುಡುಗಿ ಮೆಟ್ರಿಕ್ ಆಗ್ತಿದ್ಲಲ್ಲ?" ಎಂದು ಕೇಳಿದಳು. ನೀನು ಮಾಡಿದ್ದೇ ಸರಿ ಎಂದೆ. ನ್ಯಾಯದ ಪ್ರಕಾರ ಅದು ಸರಿಯೇ. ಅವಳು ಕೇಳಿದ್ದು ನ್ಯಾಯದ ಪ್ರಶ್ನೆಯಲ್ಲ ಎಂಬುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಸೇವೆಯುದ್ದಕ್ಕೂ ನಾನು ಮಕ್ಕಳಿಗೆ ಪಂಚಾಯಿತಿಯ ಪಾಠ ಮಾಡಿದ್ದೇನೆ. ಸದಸ್ಯರು ಯಾರು, ಕೋರಂ ಎಂದರೇನು, ನಿರ್ಣಯ ಹೇಗಾಗುತ್ತದೆ. ಕಸ್ತೂರಿಗೂ ಅದೇ ಪಾಠ ಮಾಡಿದ್ದೆ, ಅವಳು ಚೆನ್ನಾಗಿ ಉತ್ತರ ಬರೆದಿದ್ದಳು. ಪುಸ್ತಕದಲ್ಲಿ ಇಲ್ಲದ ಒಂದನ್ನು ಈ ಪ್ರಕರಣ ಕಲಿಸಿತು. ಬಡವರನ್ನು ಸಭೆಗೆ ಕರೆದು ಕೂರಿಸುವುದು ಅರ್ಧ ಕೆಲಸ ಮಾತ್ರ. ಸಭೆ ಮುಗಿದ ಮೇಲೆ ಅವರ ಕೂಲಿ, ಅವರ ಮನೆ, ಅವರ ಗಂಡನ ಕೆಲಸ ಯಾರ ಕೈಯಲ್ಲಿ ಉಳಿಯುತ್ತದೆ ಎಂದು ಮೊದಲು ನೋಡಬೇಕು. ಅದನ್ನು ನೋಡದೆ ಕರೆತಂದರೆ, ಅವರ ಕೈಯಿಂದಲೇ ಅವರ ಮಕ್ಕಳ ದಾರಿಯನ್ನು ಮುಚ್ಚಿಸಿದಂತೆ. ಹಾಗೆ ಮುಚ್ಚಿದ ದಾರಿಯನ್ನು ಮತ್ತೆ ತೆರೆಸಲು ಯಾವ ಕಚೇರಿಯಲ್ಲೂ ಅರ್ಜಿ ತೆಗೆದುಕೊಳ್ಳುವುದಿಲ್ಲ.