ಹೆಂಡತಿಗೆ ಸಿಕ್ಕ ಎಂಡಿಎಸ್ ಸೀಟು

ಮುಂಡರಗಿಯಲ್ಲಿ ನಾವು ಗಂಡ ಹೆಂಡತಿ ಇಬ್ಬರೂ ಹಲ್ಲಿನ ಡಾಕ್ಟರು. ಒಂದೇ ದವಾಖಾನೆ, ಎರಡು ಕುರ್ಚಿ. ಏಳು ವರ್ಷ ಅದದೇ ಹುಳುಕು ಹಲ್ಲು ಕಿತ್ತು ಬೇಸತ್ತ ಮೇಲೆ ಎಂಡಿಎಸ್ ಎಂಬ ಸ್ನಾತಕೋತ್ತರ ಪದವಿ ಮಾಡಬೇಕೆಂಬ ಹಟ ಹುಟ್ಟಿದ್ದು ನನಗೆ, ಅವಳಿಗಲ್ಲ. ನಾನು ದವಾಖಾನೆ ಬಿಟ್ಟು ಮನೆಯಲ್ಲಿ ಕೂತು ಪ್ರವೇಶ ಪರೀಕ್ಷೆಗೆ ಓದತೊಡಗಿದೆ. ನನ್ನ ಕುರ್ಚಿಯ ಪೇಶಂಟರನ್ನೂ ಅವಳೇ ನೋಡಿದಳು. ಅರ್ಜಿ ತುಂಬುವ ದಿನ ತಮಾಷೆಗೆ ನಾನೇ ಅಂದೆ, "ನೀನೂ ಒಂದು ಫಾರ್ಮ್ ತುಂಬು. ಪರೀಕ್ಷಾಕ್ಕ ಹುಬ್ಬಳ್ಳಿಗೆ ಜೋಡೀಲೆ ಹೋಗಿ ಬರೂಣು."

ಸೂಜಿ ಚುಚ್ಚಿ ವಸಡು ಜೋಮು ಹಿಡಿಯುವವರೆಗಿನ ಐದೈದು ನಿಮಿಷಗಳಲ್ಲಿ ಅವಳು ನನ್ನ ನೋಟ್ಸು ತಿರುವಿ ಹಾಕುತ್ತಿದ್ದಳು. ಅವಳ ಓದೆಂದರೆ ಅಷ್ಟೇ.

ಫಲಿತಾಂಶ ಬಂದಾಗ ನಾನು ಅರ್ಹತೆಯ ಅಂಕವನ್ನೂ ಮುಟ್ಟಿರಲಿಲ್ಲ. ಅವಳಿಗೆ ಒಳ್ಳೆಯ ರ‍್ಯಾಂಕ್ ಬಂತು. ಕೌನ್ಸೆಲಿಂಗ್‌ನಲ್ಲಿ ಬಾಯಿಯ ಶಸ್ತ್ರಚಿಕಿತ್ಸೆಯ ಸೀಟು ಸಿಕ್ಕಿತು. ನಾನು ಬಯಸಿದ್ದ ವಿಭಾಗವೇ ಅದು.

"ನೀವು ಹೂಂ ಅಂದ್ರ ಹೋಗ್ತೀನ್ರಿ," ಅಂದಳು.

ಹೂಂ ಅಂದೆ. ಮರುದಿನದಿಂದ ದವಾಖಾನೆಯಲ್ಲಿ ಪೇಶಂಟರ ಮುಂದೆ ಅವಳನ್ನು ಮಾತಿನಲ್ಲಿ ಚುಚ್ಚಲು ಶುರುಮಾಡಿದೆ. "ಮೇಡಂ ಈಗ ದೊಡ್ಡಾವ್ರು ಆಗ್ಯಾರ. ನಿಮ್ಮ ಹುಳುಕು ಹಲ್ಲು ಮುಟ್ತಾರೋ ಇಲ್ಲೋ ಕೇಳ್ರಿ." ಪೇಶಂಟರು ನಗುತ್ತಿದ್ದರು. ಅವಳು ಮಾಸ್ಕ್ ಮೇಲಕ್ಕೆಳೆದುಕೊಂಡು ಕೆಲಸ ಮುಂದುವರಿಸುತ್ತಿದ್ದಳು.

ಕಾಲೇಜಿಗೆ ಹೋಗಿ ಮೂಲ ದಾಖಲೆ ಒಪ್ಪಿಸಲು ಒಂದು ವಾರದ ಗಡುವಿತ್ತು. ಕಾಲೇಜಿದ್ದ ಊರು ಮುಂಡರಗಿಯಿಂದ ಐದು ತಾಸಿನ ದಾರಿ. ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆಂದು ಹೇಳಿ, ಇವತ್ತು ನಾಳೆ ಎನ್ನುತ್ತ ಕೊನೆಯ ದಿನದವರೆಗೆ ತಂದೆ. ಆ ದಿನ ಅವಳು ಏಳುವ ಮೊದಲೇ ಲಕ್ಕುಂಡಿಯ ಶಾಲೆಯೊಂದರಲ್ಲಿದ್ದ ದಂತ ತಪಾಸಣೆ ಶಿಬಿರಕ್ಕೆ ಹೊರಟುಹೋದೆ. ಅವಳ ಪದವಿ ಪ್ರಮಾಣಪತ್ರಗಳಿದ್ದ ಕಪಾಟಿನ ಚಾವಿ ನನ್ನ ಜೇಬಿನಲ್ಲಿತ್ತು. ಮರೆತು ಒಯ್ದದ್ದಲ್ಲ.

ಫೋನು ಹನ್ನೊಂದು ಸಲ ಬಂತು. ಪ್ರತಿ ಸಲವೂ ಅವಳ ಹೆಸರು ನೋಡಿ ಎತ್ತದೆ ಜೇಬಿಗಿಳಿಸಿದೆ.

ಎರಡು ಬಸ್ಸು ಬದಲಿಸಿ, ಗದಗ ಹಾದು, ಒಂಬತ್ತೂವರೆಗೆ ಅವಳು ಶಾಲೆಗೆ ಬಂದಳು. ಅಲ್ಲಿಗೆ ಬರುವವರೆಗೂ ನಾನು ಚಾವಿ ಮರೆತು ಒಯ್ದಿದ್ದೇನೆಂದೇ ನಂಬಿದ್ದಳೆಂದು ಕಾಣುತ್ತದೆ. "ರೀ, ಚಾವಿ ಕೊಡ್ರಿ. ಜಲ್ದಿ ಹೋಗಬೇಕು," ಎಂದಳು, ಏದುಸಿರಿನಲ್ಲಿ.

ಶಾಲೆಯ ಮಕ್ಕಳು ಸಾಲಾಗಿ ನಿಂತಿದ್ದರು. ನಾನು ಒಬ್ಬ ಹುಡುಗಿಯ ಬಾಯೊಳಗಿಟ್ಟಿದ್ದ ತಪಾಸಣೆಯ ಕನ್ನಡಿ ತೆಗೆಯಲಿಲ್ಲ.

"ಕೆಲಸ ನಡದೈತಿ, ಕಾಣಸವಲ್ದೇನು? ಇವು ಮುಗೀಲಿ."

ಆಗ ಅವಳು ನನ್ನ ಮುಖ ನೋಡಿದಳು. ಎಲ್ಲ ತಿಳಿದುಹೋಯಿತು. ಜಗಳವಾಡಲಿಲ್ಲ. ಹೆಡ್‌ಮಾಸ್ತರರು ಕುರ್ಚಿ ತರಿಸಿ "ಕುಂಡ್ರಿ ಮೇಡಂ" ಅಂದರೂ ಕೂರದೆ ಗೋಡೆಗೆ ಒರಗಿ ನಿಂತಳು. ನಾನು ಬೇಕೆಂದೇ ಒಂದೊಂದು ಹಲ್ಲನ್ನೂ ಎಣಿಸಿದೆ. ಹುಳುಕಿಲ್ಲದ ಬಾಯನ್ನೂ ಎರಡೆರಡು ಸಲ ತೆರೆಸಿದೆ. ಒಂದು ತಾಸಿನ ಮೇಲೆ ಚಾವಿ ತೆಗೆದು ಮೇಜಿನ ಮೇಲೆ ಇಟ್ಟೆ, ಅವಳ ಕೈಗೂ ಕೊಡಲಿಲ್ಲ.

ಅವಳು ಮುಂಡರಗಿಗೆ ವಾಪಸು ಹೋಗಿ, ದಾಖಲೆ ತೆಗೆದುಕೊಂಡು, ಕಾಲೇಜು ಮುಟ್ಟುವಷ್ಟರಲ್ಲಿ ಆರೂವರೆ. ಐದಕ್ಕೆ ಪ್ರವೇಶ ಮುಚ್ಚಿತ್ತು. ಕಾವಲುಗಾರ, "ಆತ್ರೀ ಅಕ್ಕಾರ, ಎಲ್ಲಾರೂ ಹೋದ್ರು," ಎಂದನಂತೆ. ಇಷ್ಟನ್ನು ಅವಳು ನನಗೆ ಹೇಳಲಿಲ್ಲ. ನನ್ನ ಅವ್ವನಿಗೆ ಹೇಳಿದ್ದು ನನಗೆ ಗೊತ್ತಾಯಿತು.

ಮರುದಿನ ಒಂಬತ್ತಕ್ಕೆ ದವಾಖಾನೆ ತೆರೆದಳು. ನಾನು ಅಂದುಕೊಂಡಿದ್ದ ಕೂಗಾಟ, ಅಳು, ತವರಿಗೆ ಹೋಗುವುದು ಒಂದೂ ಆಗಲಿಲ್ಲ. ನನಗೆ ಸಮಾಧಾನವೇ ಆಯಿತು, ಅದನ್ನೂ ಬರೆಯಬೇಕು. ಮರುವರ್ಷ ನಾನು ಇಬ್ಬರದೂ ಸೇರಿ ಎರಡು ಅರ್ಜಿ ತುಂಬಲು ಕೂತಾಗ ಅವಳು ನನ್ನ ಕೈ ತಡೆದಳು.

"ನಂದು ಬ್ಯಾಡ."

"ಯಾಕ?"

"ನೀವ ಬರೀರಿ."

ಆ ಸಲ ನನಗೆ ಸೀಟು ಸಿಕ್ಕಿತು, ವಸಡಿನ ವಿಭಾಗದಲ್ಲಿ. ಮೂರು ವರ್ಷ ದವಾಖಾನೆಯನ್ನೂ ಮನೆಯನ್ನೂ ಅವಳೇ ನಡೆಸಿದಳು. ನಾನು ಕಾಲೇಜಿಗೆ ಹೊರಟ ದಿನ ನನ್ನ ದಾಖಲೆಗಳನ್ನು ಕ್ರಮವಾಗಿ ಜೋಡಿಸಿ, ಪ್ರತಿಯೊಂದಕ್ಕೂ ಎರಡು ಝೆರಾಕ್ಸ್ ಮಾಡಿಸಿ ಇಟ್ಟಿದ್ದಳು. ಅಷ್ಟು ಕ್ರೂರವಾದದ್ದನ್ನು ನನಗೆ ಯಾರೂ ಮಾಡಿಲ್ಲ.

ಕಳೆದ ತಿಂಗಳು ಬೆಟಗೇರಿಯ ಒಂದು ಮದುವೆ ಊಟದಲ್ಲಿ ನನ್ನ ಸಹಪಾಠಿಯೊಬ್ಬ ಅವಳನ್ನು ಕೇಳಿದ, "ನೀವ್ಯಾಕ ಎಂಡಿಎಸ್ ಮಾಡ್ಲಿಲ್ರಿ ಮೇಡಂ?"

"ನನಗ ಓದೂದು ಒಗ್ಗೂದಿಲ್ರಿ," ಎಂದು ಅವಳು ನಕ್ಕಳು. ನಾನೂ ನಕ್ಕೆ.